ವ್ಯಾಪಾರ ಡಲ್ ಆದಾಗ ಯಾರ ವ್ಯಾಪಾರ ಜೋರಾಗುತ್ತದೆ?

ಹಾಸನ ಜಿಲ್ಲೆಯಲ್ಲಿ ವ್ಯಾಪಾರ ಬಿದ್ದಿದೆ ಎಂದು ತಿಳಿಯಲು ದೆಹಲಿಯ ಅಂಕಿ-ಅಂಶಕ್ಕೆ ಕಾಯಬೇಕಿಲ್ಲ. ಶುಂಠಿಗೆ ಬೆಲೆ ಇಲ್ಲದ ವರ್ಷ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಿಂದ ಹಿಡಿದು ಬ್ಲೌಸ್ ಹೊಲಿಯುವ ಮನೆಯವರೆಗೆ ಎಲ್ಲರಿಗೂ ಬಿಸಿ ತಟ್ಟುತ್ತದೆ. ಮೊದಲು ಗಿರಾಕಿಗಳು ಕಡಿಮೆಯಾಗುತ್ತಾರೆ. ಆಮೇಲೆ ಬಂದ ಗಿರಾಕಿಯೂ 'ಬರ್ಕೊಳ್ಳಿ, ಮುಂದಿನ ತಿಂಗಳು ಕೊಡ್ತೀನಿ' ಅನ್ನುತ್ತಾನೆ. ಅದಾದ ಮೇಲೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳಿಗೆ 'ಎರಡು ತಿಂಗಳು ಬಿಟ್ಟು ಬಾಮ್ಮ' ಎಂದು ಹೇಳಬೇಕಾಗುತ್ತದೆ. ಅವಳು ಮನೆಗೆ ಹೋಗಿ ಸಂಘದ ಕಂತು ಹೇಗೆ ಕಟ್ಟೋದು ಎಂದು ಯೋಚಿಸುತ್ತಾ ಫೋನ್ ತೆಗೆಯುತ್ತಾಳೆ. ಅಲ್ಲೊಂದು ಮೆಸೇಜ್ ಇರುತ್ತದೆ: 'ಮನೆಯಲ್ಲೇ ಕುಳಿತು ದಿನಕ್ಕೆ 2,000 ರೂಪಾಯಿ ಗಳಿಸಿ. ಅನುಭವ ಬೇಡ.'

ವ್ಯಾಪಾರದ ಕುಸಿತವನ್ನು ಪತ್ರಿಕೆಯ ಒಂದು ಪುಟದಲ್ಲಿ ಓದುತ್ತೇವೆ, ಆನ್‌ಲೈನ್ ಮೋಸವನ್ನು ಇನ್ನೊಂದು ಪುಟದಲ್ಲಿ. ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆಯುವ ಕೆಲಸದಲ್ಲಿರುವ ನನಗೆ ಇವೆರಡೂ ಒಂದೇ ಜಾಗಕ್ಕೆ ಬಂದು ಸೇರುವುದು ಕಾಣುತ್ತದೆ. ಆ ಜಾಗ ಯಾವುದೆಂದರೆ ಮನೆಯಲ್ಲಿ ಉಳಿದಿರುವ ನಗದು. ಕಷ್ಟಕಾಲದಲ್ಲಿ ಸಂಸಾರವನ್ನೂ ಅಂಗಡಿಯನ್ನೂ ನಿಲ್ಲಿಸುವುದು ಅದೇ. ಮೋಸಗಾರನ ಕಣ್ಣು ಅದರ ಮೇಲೆ. ಬಾಕಿ ಉಳಿಸಿಕೊಳ್ಳುವ ದೊಡ್ಡ ಗಿರಾಕಿ ತಡೆದಿಟ್ಟುಕೊಳ್ಳುವುದೂ ಅದನ್ನೇ. ಅದಕ್ಕೇ ವಂಚನೆಯಿಂದ ಪಾರಾಗುವುದು, ಕೆಟ್ಟ ಕಾಲದಲ್ಲಿ ವ್ಯಾಪಾರ ನಡೆಸುವುದು ಎರಡನ್ನೂ ಒಟ್ಟಿಗೇ ನೋಡಬೇಕು ಎಂದು ನನ್ನ ಅಭಿಪ್ರಾಯ. ಎರಡರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ, ಮತ್ತು ಯಾವಾಗ?

150 ರೂಪಾಯಿಯ ಗಾಳ

ಈಗ ಜಾಸ್ತಿ ನಡೆಯುತ್ತಿರುವುದು 'ಟಾಸ್ಕ್' ಮೋಸ. ಇದರ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಏಕೆಂದರೆ ಇದರಲ್ಲಿ ಸಿಕ್ಕಿಬೀಳುವವರು ದಡ್ಡರಲ್ಲ. ಡಿಗ್ರಿ ಓದಿದವರು, ನಿವೃತ್ತ ನೌಕರರು, ಐಟಿ ಕೆಲಸದಲ್ಲಿರುವವರು ಕೂಡ ಬಿದ್ದಿದ್ದಾರೆ.

ವಾಟ್ಸಾಪ್‌ನಲ್ಲಿ ಒಬ್ಬರು ತಾವು ಯಾವುದೋ ಕಂಪನಿಯ ಎಚ್‌ಆರ್ ಎಂದು ಪರಿಚಯ ಮಾಡಿಕೊಳ್ಳುತ್ತಾರೆ. ಕೆಲಸ ಬಹಳ ಸುಲಭ. ಒಂದು ಹೋಟೆಲಿಗೆ ಗೂಗಲ್ ಮ್ಯಾಪ್‌ನಲ್ಲಿ ಐದು ಸ್ಟಾರ್ ಕೊಡಬೇಕು, ಅಥವಾ ಒಂದು ವಿಡಿಯೊಗೆ ಲೈಕ್ ಒತ್ತಬೇಕು. ಸ್ಕ್ರೀನ್‌ಶಾಟ್ ಕಳಿಸಿದರೆ ಒಂದಕ್ಕೆ 50 ರೂಪಾಯಿ. ಮೂರು ಮಾಡಿದರೆ ಹತ್ತೇ ನಿಮಿಷದಲ್ಲಿ ನಿಮ್ಮ ಖಾತೆಗೆ ನಿಜವಾಗಿಯೂ 150 ರೂಪಾಯಿ ಬರುತ್ತದೆ. ಇಡೀ ಮೋಸದ ಪಾಯ ಇದೇ. 'ಮೋಸ ಆಗಿದ್ರೆ ದುಡ್ಡು ಯಾಕೆ ಕೊಡ್ತಿದ್ರು?' ಎಂದು ಮನಸ್ಸು ತಾನೇ ವಾದ ಹೂಡುತ್ತದೆ. ಅವರಿಗೆ ಅದು ಬರೀ ಖರ್ಚಿನ ಬಾಬ್ತು.

ಆಮೇಲೆ ನಿಮ್ಮನ್ನು ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ನೂರಾರು ಜನ. ಒಬ್ಬರು 'ಇವತ್ತು 8,400 ಬಂತು, ಥ್ಯಾಂಕ್ಸ್ ಮೇಡಂ' ಎಂದು ಬ್ಯಾಂಕಿನ ಮೆಸೇಜಿನ ಚಿತ್ರ ಹಾಕುತ್ತಾರೆ. ಇನ್ನೊಬ್ಬರು ಅದಕ್ಕೆ ಕೈಮುಗಿಯುತ್ತಾರೆ. ಇವರೆಲ್ಲ ಒಂದೇ ತಂಡದವರು, ಅಥವಾ ಒಬ್ಬನೇ ಹತ್ತು ಹೆಸರಿನಲ್ಲಿ ಕುಳಿತಿರುತ್ತಾನೆ. ಅಷ್ಟು ಹೊತ್ತಿಗೆ 'ಪ್ರೀಪೇಯ್ಡ್ ಟಾಸ್ಕ್' ಬರುತ್ತದೆ. 1,000 ಹಾಕಿ, 1,300 ತೆಗೆದುಕೊಳ್ಳಿ. ಹಾಕಿದರೆ 1,300 ಬಂದೇ ಬರುತ್ತದೆ. ಮುಂದಿನದು 5,000. ಆದರೆ ಈ ಸಲ ಹಣ ಬರುವುದು ಬ್ಯಾಂಕಿಗಲ್ಲ, ಅವರು ಕೊಟ್ಟ ವೆಬ್‌ಸೈಟಿನ 'ಖಾತೆ'ಗೆ. ಅಲ್ಲಿ ನಿಮ್ಮ ಹೆಸರಿನ ಮುಂದೆ 6,500 ಎಂದು ಕಾಣುತ್ತದೆ. ತೆಗೆಯಲು ಹೋದರೆ, 'ಇದು ಮೂರು ಹಂತದ ಟಾಸ್ಕ್, ಇನ್ನೆರಡು ಬಾಕಿ ಇದೆ. ಈಗ ನಿಲ್ಲಿಸಿದರೆ ಗುಂಪಿನ ಉಳಿದವರಿಗೂ ನಷ್ಟ' ಅನ್ನುತ್ತಾರೆ. 20,000 ಕಟ್ಟುತ್ತೀರಿ. ಮುಂದಿನ ಹಂತದಲ್ಲಿ ಏನೋ ತಪ್ಪು ಗುಂಡಿ ಒತ್ತಿದಿರಿ, ನಿಮ್ಮ 'ಕ್ರೆಡಿಟ್ ಸ್ಕೋರ್' ಇಳಿಯಿತು, ಸರಿಪಡಿಸಲು 50,000 ಬೇಕು. ಆಮೇಲೆ ಟ್ಯಾಕ್ಸ್. ಆಮೇಲೆ ಖಾತೆ ಬಿಡುಗಡೆಯ ಶುಲ್ಕ.

ವೆಬ್‌ಸೈಟಿನಲ್ಲಿ ಕಾಣುವ ಆ ಅಂಕಿ ಬರೀ ಅಂಕಿ. ಅದರ ಹಿಂದೆ ಬ್ಯಾಂಕೂ ಇಲ್ಲ, ಹಣವೂ ಇಲ್ಲ. ಆದರೆ ನೋಡುವವರಿಗೆ ಹಾಗನ್ನಿಸುವುದಿಲ್ಲ. ತನ್ನದೇ ದುಡ್ಡು ಬಾಗಿಲಾಚೆ ಇದೆ, ಇನ್ನೊಂದಿಷ್ಟು ಕೊಟ್ಟರೆ ಬಾಗಿಲು ತೆರೆಯುತ್ತದೆ ಅನ್ನಿಸುತ್ತದೆ. ಮೊದಲ ಸಾವಿರವನ್ನು ಜನ ಆಸೆಗೆ ಕಟ್ಟುತ್ತಾರೆ. ಕೊನೆಯ ಐವತ್ತು ಸಾವಿರವನ್ನು ಕಟ್ಟುವುದು ಭಯಕ್ಕೆ. ಚಿನ್ನ ಗಿರವಿ ಹೋಗುವುದು ಈ ಎರಡನೇ ಹಂತದಲ್ಲಿ.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ ಶಿಫಾರಸು ಮಾಡಿದ ಮೇಲೆ ಇಂಥ 100ಕ್ಕೂ ಹೆಚ್ಚು ವೆಬ್‌ಸೈಟ್‌ಗಳನ್ನು ಸರ್ಕಾರ ಬಂದ್ ಮಾಡಿಸಿತು. ವಿದೇಶದಲ್ಲಿ ಕುಳಿತವರು ಇವನ್ನು ನಡೆಸುತ್ತಿದ್ದರು, 'ಮನೆಯಲ್ಲೇ ಕುಳಿತು ಕೆಲಸ' ಎಂಬಂಥ ಮಾತುಗಳನ್ನಿಟ್ಟು ಹಲವು ಭಾಷೆಗಳಲ್ಲಿ ಜಾಹೀರಾತು ಕೊಡುತ್ತಿದ್ದರು, ನಿವೃತ್ತರು, ಮಹಿಳೆಯರು ಮತ್ತು ನಿರುದ್ಯೋಗಿ ಯುವಕರು ಇವರ ಗುರಿ ಎಂದು ಆಗ ಹೇಳಲಾಯಿತು. ಒಂದು ಸೈಟ್ ಮುಚ್ಚಿದರೆ ಇನ್ನೊಂದು ಹೆಸರಿನಲ್ಲಿ ಮತ್ತೆ ತೆರೆಯುವುದು ಅವರಿಗೆ ಕಷ್ಟವಲ್ಲ. ಹಾಗಾಗಿ ಹೆಸರುಗಳ ಪಟ್ಟಿ ನೆನಪಿಟ್ಟುಕೊಂಡು ಉಪಯೋಗವಿಲ್ಲ, ಹಣದ ದಿಕ್ಕನ್ನು ನೋಡಬೇಕು. ಕೆಲಸ ಮಾಡುವವರಿಗೆ ಕೂಲಿ ಬರಬೇಕು, ಅಲ್ವಾ? ಕೆಲಸ ಮಾಡುವವರೇ ದುಡ್ಡು ಕಟ್ಟಬೇಕು ಎಂದ ಕ್ಷಣಕ್ಕೆ ಅದು ಕೆಲಸವಾಗಿ ಉಳಿಯುವುದಿಲ್ಲ. ರಿಜಿಸ್ಟ್ರೇಷನ್ ಎನ್ನಲಿ, ಐಡಿ ಕಾರ್ಡ್ ಎನ್ನಲಿ, ವಾಪಸ್ ಕೊಡುವ ಡೆಪಾಸಿಟ್ ಎನ್ನಲಿ, ವ್ಯತ್ಯಾಸವಿಲ್ಲ. ಪ್ರಸಿದ್ಧ ಕಂಪನಿಯ ಪೆನ್ಸಿಲ್ ಪ್ಯಾಕ್ ಮಾಡಿಕೊಡಿ ಎಂಬ ಫೇಸ್‌ಬುಕ್ ಜಾಹೀರಾತುಗಳೂ ಇದೇ ಜಾತಿಯವು. ಯಂತ್ರವೇ ಕ್ಷಣಾರ್ಧದಲ್ಲಿ ಮಾಡುವ ಪ್ಯಾಕಿಂಗನ್ನು ಅರಕಲಗೂಡಿನ ಮನೆಗೆ ಕಳಿಸಿ ವಾಪಸ್ ತರಿಸಿಕೊಂಡರೆ ಸಾಗಣೆ ಖರ್ಚೂ ಹುಟ್ಟುವುದಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಮೊದಲು ಬಂದ ಆ 150 ರೂಪಾಯಿ ಕೂಡ ಬಹಳ ಸಲ ಇನ್ನೊಬ್ಬ ಮೋಸಹೋದವರ ಹಣವೇ ಆಗಿರುತ್ತದೆ. ಅವರು ದೂರು ಕೊಟ್ಟರೆ ಪೊಲೀಸರು ಹಣದ ಜಾಡು ಹಿಡಿದು ಬರುತ್ತಾರೆ, ನಿಮ್ಮ ಖಾತೆಯೂ ಫ್ರೀಜ್ ಆಗಬಹುದು. ಅಂದರೆ ಒಂದು ಪೈಸೆ ಕಳೆದುಕೊಳ್ಳದೆ ಹೊರಬಂದೆ ಎಂದುಕೊಂಡವರಿಗೂ ತೊಂದರೆ ತಪ್ಪಿದ್ದಲ್ಲ. 'ನಿಮ್ಮ ಖಾತೆ ಬಾಡಿಗೆಗೆ ಕೊಡಿ, ಕಮಿಷನ್ ಕೊಡ್ತೀವಿ' ಎನ್ನುವುದಂತೂ ಇನ್ನೂ ಅಪಾಯ. ಹಾಸ್ಟೆಲ್‌ನಲ್ಲಿರುವ ಹುಡುಗರು ಸುಮ್ನೆ ಪಾಕೆಟ್ ಮನಿ ಎಂದು ಎಟಿಎಂ ಕಾರ್ಡ್, ಸಿಮ್ ಎರಡನ್ನೂ ಕೊಟ್ಟುಬಿಡುತ್ತಾರೆ. ಅಲ್ಲಿಗೆ ಅವರು ಕೆಲಸಗಾರರಲ್ಲ, ಕೇಸಿನಲ್ಲಿ ಆರೋಪಿಗಳು.

ಡೇಟಾ ಎಂಟ್ರಿಯ ಹೆಸರಿನ ಮೋಸದಲ್ಲಿ ಹಣ ಕೇಳುವುದು ಕೊನೆಗೆ. ಮೊದಲು ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ, ಟೈಪ್ ಮಾಡಲು ನೂರಾರು ಪುಟ ಕೊಡುತ್ತಾರೆ. ಮುಗಿಸಿದ ಮೇಲೆ 'ತಪ್ಪು ಜಾಸ್ತಿ ಇದೆ, ಒಪ್ಪಂದ ಮುರಿದಿದ್ದೀರಿ, ಕೋರ್ಟ್ ನೋಟಿಸ್ ಕಳಿಸುತ್ತೇವೆ, ಪೊಲೀಸ್ ಬರುತ್ತಾರೆ' ಎಂದು ಹೆದರಿಸಿ ದಂಡ ವಸೂಲಿ ಮಾಡುತ್ತಾರೆ. ಟೈಪಿಂಗ್ ತಪ್ಪಾದರೆ ಯಾರನ್ನೂ ಬಂಧಿಸುವುದಿಲ್ಲ. ನಿಜವಾದ ಒಪ್ಪಂದ ಮುರಿದರೂ ಅದು ಸಿವಿಲ್ ವ್ಯಾಜ್ಯ. ವಾಟ್ಸಾಪ್‌ನಲ್ಲಿ ಬರುವ ಕೆಂಪು ಸೀಲಿನ ಕಾಗದಕ್ಕೆ ಹೆದರಿ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಯಂತ್ರ ಕೊಂಡರೆ ಮಾಲು ನಾವೇ ಕೊಳ್ತೀವಿ

ಫೋನಿನ ಮೋಸದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಮ್ಮ ಕಡೆ ಎದುರಿಗೇ ಕೂರಿಸಿಕೊಂಡು, ಕಾಫಿ ಕೊಟ್ಟು ಮಾಡುವ ಇನ್ನೊಂದು ಮೋಸವಿದೆ. ಅದರ ಬಗ್ಗೆ ಮಾತು ಕಡಿಮೆ, ನಷ್ಟ ದೊಡ್ಡದು.

ಯಾವುದೋ ಊರಿನಲ್ಲಿ ಒಂದು ಶೋರೂಂ. ಅಗರಬತ್ತಿ, ಕರ್ಪೂರ, ಪೇಪರ್ ಪ್ಲೇಟ್, ದೀಪದ ಬತ್ತಿ ಮಾಡುವ ಯಂತ್ರಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಯಂತ್ರ ಕೊಂಡರೆ ಕಚ್ಚಾ ಮಾಲನ್ನು ಅವರೇ ಕೊಡುತ್ತಾರೆ, ತಯಾರಾದ ಮಾಲನ್ನೂ ಅವರೇ ಕೊಳ್ಳುತ್ತಾರೆ. ಸ್ಟಾಂಪ್ ಪೇಪರಿನಲ್ಲಿ ಕರಾರು. ಮೊದಲ ಎರಡು ಸಲ ಮಾಲು ತೆಗೆದುಕೊಂಡು ದುಡ್ಡನ್ನೂ ಕೊಡುತ್ತಾರೆ. ಆ ದುಡ್ಡು ನೋಡಿ ಅಕ್ಕಪಕ್ಕದ ಮನೆಯವರೂ, ತವರಿನವರೂ ಯಂತ್ರ ಕೊಳ್ಳುತ್ತಾರೆ. ಮೂರನೇ ಸಲ 'ಕ್ವಾಲಿಟಿ ಸರಿಯಿಲ್ಲ' ಎಂಬ ಮಾತು ಶುರು. ಆರನೇ ತಿಂಗಳಿಗೆ ಶೋರೂಂಗೆ ಬೀಗ.

ಪೊಲೀಸರ ಬಳಿ ಹೋದರೆ 'ಯಂತ್ರ ಕೊಟ್ಟಿದ್ದಾರಲ್ಲ, ಇದು ವ್ಯವಹಾರದ ತಕರಾರು' ಎಂದು ಹೇಳುವ ಸಂಭವ ಜಾಸ್ತಿ. ಅದಕ್ಕೇ ಇದರಲ್ಲಿ ಕಟ್ಟುವ ಮುಂಚೆ ಮಾಡುವ ಲೆಕ್ಕವೇ ರಕ್ಷಣೆ. ಉದಾಹರಣೆಗೆ ಇಟ್ಟುಕೊಳ್ಳಿ: ಬತ್ತಿ ಮಾಡುವ ಯಂತ್ರಕ್ಕೆ 1,20,000 ರೂಪಾಯಿ. ಹತ್ತಿಯನ್ನು ಕಿಲೋಗೆ 300ರಂತೆ ಕೊಟ್ಟು, ಬತ್ತಿಯನ್ನು 600ಕ್ಕೆ ವಾಪಸ್ ಕೊಳ್ಳುತ್ತೇವೆ ಅನ್ನುತ್ತಾರೆ. ಆ ಕಾಗದ ಹಿಡಿದುಕೊಂಡು ಹಾಸನದ ನಾಲ್ಕು ಪೂಜಾ ಸಾಮಗ್ರಿ ಅಂಗಡಿಗೆ ಹೋಗಿ. 'ಅಣ್ಣಾ, ನಾನು ಬತ್ತಿ ಮಾಡಿಕೊಟ್ಟರೆ ಕಿಲೋ ಎಷ್ಟಕ್ಕೆ ತಗೋತೀರಿ?' ಎಂದು ಕೇಳಿ. ಅವರು 450 ಅಂದರೆ ಪ್ರಶ್ನೆ ತಾನೇ ಹುಟ್ಟುತ್ತದೆ. ಪೇಟೆಯಲ್ಲಿ 450ಕ್ಕೆ ಸಿಗುವ ಮಾಲಿಗೆ ಈತ 600 ಯಾಕೆ ಕೊಡುತ್ತಾನೆ? ಆ 150ರ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಮುಂದಿನವರಿಗೆ ಮಾರಿದ ಯಂತ್ರದ ಲಾಭದಿಂದ. ಯಂತ್ರ ಕೊಳ್ಳುವವರು ನಿಂತ ದಿನ ಬತ್ತಿ ಕೊಳ್ಳುವವರೂ ನಿಲ್ಲುತ್ತಾರೆ.

ಯಂತ್ರ ಮಾಡಿಕೊಡುವ ಬತ್ತಿಯನ್ನು 450ಕ್ಕೇ ಮಾರಿ, ಕರೆಂಟು, ನಿಮ್ಮ ಕೂಲಿ, ಸಾಲದ ಬಡ್ಡಿ ಎಲ್ಲ ಕಳೆದು ಏನಾದರೂ ಉಳಿಯುವುದಾದರೆ ಅದು ನಿಜವಾದ ಉದ್ಯೋಗ. ಆಗ ಆ ಕಂಪನಿಯ ಕರಾರೇ ಬೇಡ, ಯಂತ್ರವನ್ನು ಬೇರೆ ಕಡೆ ಅರ್ಧ ಬೆಲೆಗೂ ಕೊಳ್ಳಬಹುದು.

ಚೈನ್ ಮಾರ್ಕೆಟಿಂಗ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 1978ರ ಕಾನೂನಿನಲ್ಲೇ ಹಣ ಸುತ್ತಿಸುವ ಯೋಜನೆಗಳಿಗೆ ನಿಷೇಧವಿದೆ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟದ ನಿಯಮಗಳ ಪ್ರಕಾರ ಸೇರಿಕೊಳ್ಳಲು ಶುಲ್ಕ ಕೇಳುವಂತಿಲ್ಲ, ಬರೀ ಜನರನ್ನು ಸೇರಿಸಿದ್ದಕ್ಕೆ ಕಮಿಷನ್ ಕೊಡುವಂತೆಯೂ ಇಲ್ಲ. 'ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು' ಎಂದು ಬೋರ್ಡಿನ ಮೇಲೆ ಬರೆಯಲು ಶುರು ಮಾಡಿದರೆ ಎದ್ದು ಬನ್ನಿ.

ಹಾಗಾದರೆ ಮನೆಯಲ್ಲಿ ಕುಳಿತು ದುಡಿಯುವುದೇ ಸುಳ್ಳಾ? ಖಂಡಿತ ಅಲ್ಲ. ಹಾಸನದ ಯಾವ ಬಡಾವಣೆಗೆ ಹೋದರೂ ಸೀರೆಗೆ ಕುಚ್ಚು ಕಟ್ಟುವ, ಫಾಲ್ಸ್ ಹಾಕುವ, ಆರಿ ವರ್ಕ್ ಮಾಡುವ, ಹಪ್ಪಳ-ಸಂಡಿಗೆ ಮಾಡಿ ಕೊಡುವ, ಮಕ್ಕಳಿಗೆ ಟ್ಯೂಷನ್ ಹೇಳುವ ಹೆಣ್ಣುಮಕ್ಕಳಿದ್ದಾರೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಕೂಡಿಟ್ಟು ಹೊಲಿಗೆ ಯಂತ್ರ ಕೊಂಡವರ ಸುದ್ದಿ ರಾಜ್ಯದ ಹಲವು ಕಡೆಯಿಂದ ಬಂದಿದೆ. ಈ ಕೆಲಸಗಳಲ್ಲಿ ಯಾರು ದುಡ್ಡು ಕೊಡುತ್ತಾರೆ, ಯಾಕೆ ಕೊಡುತ್ತಾರೆ ಎಂಬುದು ಕಣ್ಣಿಗೆ ಕಾಣುತ್ತದೆ. ಕುಚ್ಚು ಕಟ್ಟಿಸಿಕೊಂಡವಳು ಅದೇ ಸೀರೆ ಉಟ್ಟು ಮದುವೆಗೆ ಹೋಗುತ್ತಾಳೆ. ದಿನಕ್ಕೆ 2,000 ಬರುವುದಿಲ್ಲ ನಿಜ. ಮದುವೆ ಕಾಲದಲ್ಲಿ ಕೈತುಂಬ ಕೆಲಸ, ಆಷಾಢದಲ್ಲಿ ಖಾಲಿ. ಆದರೆ ಬಂದ ದುಡ್ಡು ಯಾರೂ ವಾಪಸ್ ಕೇಳದ ದುಡ್ಡು.

ಲಾಭ ಇದ್ದೂ ಮುಚ್ಚುವ ಅಂಗಡಿ

ಇನ್ನು ಅಂಗಡಿಯ ಕಡೆಗೆ ಬರೋಣ. ಆರ್ಥಿಕ ಹಿಂಜರಿತ ಎಂದರೆ ದೇಶದ ಉತ್ಪಾದನೆ ಸತತ ಎರಡು ತ್ರೈಮಾಸಿಕ ಕುಗ್ಗುವುದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ಭಾರತ ಅದನ್ನು ಕಂಡಿತು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಆರ್ಥಿಕತೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ 24ರಷ್ಟು ಕುಗ್ಗಿತ್ತು. ಆದರೆ ನಮ್ಮ ಜಿಲ್ಲೆಯ ಹಿಂಜರಿತಕ್ಕೆ ಬೇರೆಯೇ ಪಂಚಾಂಗವಿದೆ. ಒಂದು ಕಾಲದಲ್ಲಿ ಹಾಸನ ಎಂದರೆ ಆಲೂಗೆಡ್ಡೆ. ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ಬರುವ ದಿನಗಳಲ್ಲಿ ಎಪಿಎಂಸಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಂಗಮಾರಿ ರೋಗ ಹೊಡೆದ ಮೇಲೆ ಬೆಳೆಯುವ ಜಾಗ ವರ್ಷದಿಂದ ವರ್ಷಕ್ಕೆ ಕುಗ್ಗಿತು, ಅದನ್ನೇ ನಂಬಿದ್ದ ಗೊಬ್ಬರದಂಗಡಿ, ಲಾರಿ, ಹಮಾಲಿ ಎಲ್ಲರೂ ದಾರಿ ಬದಲಿಸಬೇಕಾಯಿತು. ದೇಶ ಬೆಳೆಯುತ್ತಿದ್ದ ವರ್ಷಗಳಲ್ಲೇ ಇಲ್ಲಿ ಒಂದು ಪೇಟೆ ಬಡವಾಯಿತು.

ಸಕಲೇಶಪುರದ ಕಾಫಿ ಬೆಳೆಗಾರರು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದಾಗ ಬೆಲೆ ಕುಸಿಯಿತು. 2001ರ ಹೊತ್ತಿಗಂತೂ ಬೆಲೆ ನೆಲಕ್ಕಚ್ಚಿತ್ತು. ಆ ಕಾಲವನ್ನು ದಾಟಿದ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯ ಪಾಲು ದೊಡ್ಡದು. ಎರಡು ಬೆಳೆಯ ಬೆಲೆಯೂ ಒಟ್ಟಿಗೇ ಬೀಳಬೇಕೆಂದೇನಿಲ್ಲ. ಪೇಟೆಯ ಅಂಗಡಿಗೂ ಇಂಥದ್ದೊಂದು ಎರಡನೇ ಬಳ್ಳಿ ಬೇಕು, ಆದರೆ ಅದನ್ನು ಹಚ್ಚುವುದು ಒಳ್ಳೆಯ ವರ್ಷದಲ್ಲಿ. ಕಷ್ಟಕ್ಕೆ ಬಿದ್ದ ಮೇಲೆ ಸಾಲ ಮಾಡಿ ಹೊಸ ವ್ಯಾಪಾರಕ್ಕೆ ಕೈಹಾಕಿದವರೇ ಯಂತ್ರ ಮಾರುವವರ ಬಲೆಗೆ ಬೀಳುವುದು.

ಕೆಟ್ಟ ಕಾಲದಲ್ಲಿ ಮೊದಲು ನೋಡಬೇಕಾದದ್ದು ಲಾಭವನ್ನಲ್ಲ, ಯಾವ ವಾರ ಕೈಯಲ್ಲಿ ಎಷ್ಟು ಇರುತ್ತದೆ ಎಂಬುದನ್ನು. ಒಂದು ಹೊಲಿಗೆ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಿಂದ 1,80,000 ರೂಪಾಯಿಯ ಸಮವಸ್ತ್ರದ ಆರ್ಡರ್ ಬಂತು. ಬಟ್ಟೆಗೆ 1,00,000 ನಗದು ಕೊಟ್ಟು ತಂದರು. ಕೂಲಿ 40,000 ವಾರವಾರ ಕೊಟ್ಟರು. ಜೂನ್ ಕೊನೆಗೆ ಮಾಲು ತಲುಪಿಸಿದರು. ಪುಸ್ತಕದಲ್ಲಿ 40,000 ಲಾಭ. ಆದರೆ ಕಾರ್ಖಾನೆ ದುಡ್ಡು ಕೊಡುವುದು ಅಕ್ಟೋಬರ್‌ನಲ್ಲಿ. ಜುಲೈ, ಆಗಸ್ಟ್, ಸೆಪ್ಟೆಂಬರ್ ಬಾಡಿಗೆ ಎಲ್ಲಿಂದ? ಮೀಟರ್ ಬಡ್ಡಿಗೆ ಸಾಲ ತರುತ್ತಾರೆ. ಅಕ್ಟೋಬರ್‌ನಲ್ಲಿ ಬಂದ ಲಾಭವನ್ನೆಲ್ಲ ಬಡ್ಡಿ ತಿಂದಿರುತ್ತದೆ. ಈ ಘಟಕ ಮುಚ್ಚಿದರೆ 'ವ್ಯಾಪಾರ ಇರಲಿಲ್ಲ' ಎಂದು ಊರು ಹೇಳುತ್ತದೆ. ವ್ಯಾಪಾರ ಇತ್ತು. ದುಡ್ಡು ಸಮಯಕ್ಕೆ ಬರಲಿಲ್ಲ.

ಇದಕ್ಕೆ ಕಾನೂನಿನಲ್ಲಿ ಮದ್ದಿದೆ, ನಮ್ಮವರು ಬಳಸುವುದು ಕಡಿಮೆ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು ಬರಹದ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಾಕಿ ಬರದಿದ್ದರೆ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಇದಕ್ಕೆಲ್ಲ 'ಉದ್ಯಮ್' ನೋಂದಣಿ, ಅಂದರೆ ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಹೆಸರು ದಾಖಲಿಸುವುದು, ಬೇಕು. ಅದು ಸರ್ಕಾರಿ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ಸರ್ಕಾರಿ ಎಂದು ಕಾಣುವ ಖಾಸಗಿ ಸೈಟುಗಳು ಅದಕ್ಕೂ ಸಾವಿರಾರು ರೂಪಾಯಿ ಕೀಳುತ್ತವೆ, ಎಚ್ಚರ. ಒಂದು ಮಿತಿ ಇದೆ: ಬರೀ ಕೊಂಡು ಮಾರುವ ವ್ಯಾಪಾರಿಗಳು 2021ರ ಜುಲೈನಿಂದ ಉದ್ಯಮ್ ನೋಂದಣಿ ಮಾಡಿಸಬಹುದಾದರೂ ಅವರಿಗೆ ಸಿಗುವುದು ಬ್ಯಾಂಕಿನ ಆದ್ಯತಾ ಸಾಲದ ಅನುಕೂಲ ಮಾತ್ರ, 45 ದಿನದ ರಕ್ಷಣೆ ಇಲ್ಲ. ಹೊಲಿಯುವವರು, ಬೀಸುವವರು, ವೆಲ್ಡಿಂಗ್ ಮಾಡುವವರು, ರಿಪೇರಿ ಸೇವೆ ಕೊಡುವವರಿಗೆ ಇದೆ.

'ಇರೋ ಒಬ್ಬ ದೊಡ್ಡ ಗಿರಾಕಿ ಮೇಲೆ ದೂರು ಕೊಟ್ಟು ಬದುಕೋದು ಹೇಗೆ ಸಾರ್?' ಎಂದು ಕೇಳುತ್ತಾರೆ. ಈ ಮಾತು ನಿಜ, ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ದೂರು ಕೊಡದೆಯೂ ಒಂದು ಕೆಲಸ ಮಾಡಬಹುದು. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಮತ್ತು '45 ದಿನದೊಳಗೆ ಪಾವತಿ' ಎಂದು ಅಚ್ಚು ಹಾಕಿಸಿ. 2023-24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲಿ ಒಂದು ಬದಲಾವಣೆ ಬಂದಿದೆ. ಇಂಥ ಉದ್ಯಮಗಳಿಗೆ ಅವಧಿಯೊಳಗೆ ಹಣ ಕೊಡದೆ ವರ್ಷ ದಾಟಿಸಿದರೆ ಆ ಖರ್ಚನ್ನು ಕೊಂಡವರು ಆ ವರ್ಷ ಕಳೆಯುವಂತಿಲ್ಲ, ಕೊಟ್ಟ ವರ್ಷವಷ್ಟೇ ಕಳೆಯಬಹುದು. ಹಾಗಾಗಿ ನೀವು ಕೇಳದಿದ್ದರೂ ಮಾರ್ಚ್ ಬರುತ್ತಿದ್ದಂತೆ ಅವರ ಆಡಿಟರೇ ಕೇಳುತ್ತಾರೆ. ಹೊಸ ಆರ್ಡರಿಗೆ ಬಟ್ಟೆಯ ದುಡ್ಡಷ್ಟನ್ನಾದರೂ ಅಡ್ವಾನ್ಸ್ ಕೇಳುವ ರೂಢಿ ಬೆಳೆಸಿಕೊಳ್ಳಿ. ಕೊಡದವರ ಆರ್ಡರ್ ಎಷ್ಟೇ ದೊಡ್ಡದಿರಲಿ, ಡಲ್ ಕಾಲದಲ್ಲಿ ಅದು ನಿಮ್ಮ ದುಡ್ಡಿನಿಂದ ಅವರಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ.

ಮುಂದಿನ ಎಂಟು ವಾರಕ್ಕೆ ಒಂದು ಹಾಳೆ ಮಾಡಿಕೊಳ್ಳಿ. ಯಾವ ವಾರ ಖಚಿತವಾಗಿ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ. 'ಬರಬಹುದು' ಎನ್ನುವುದನ್ನು ಬರೆಯಲೇಬೇಡಿ. ಐದನೇ ವಾರದಲ್ಲಿ ಕೊರತೆ ಕಾಣಿಸಿದರೆ ಇವತ್ತೇ ಮಾಲೀಕರ ಹತ್ತಿರ ಬಾಡಿಗೆಯ ಮಾತಾಡಬಹುದು, ಬ್ಯಾಂಕಿಗೆ ಹೋಗಬಹುದು. ಐದನೇ ವಾರದಲ್ಲೇ ಹೋದರೆ ಬಾಗಿಲು ತೆರೆದಿರುವುದು ಮೀಟರ್ ಬಡ್ಡಿಯವನದು ಮಾತ್ರ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಊರಿನ ಹೋಟೆಲು, ಲಾಡ್ಜು, ಹೂವು-ಹಣ್ಣಿನವರಿಗೆ ಬರುವ ದುಡ್ಡನ್ನೂ ಹೀಗೇ ನೋಡಬೇಕು. ಆಶ್ವಯುಜದ ಆ ಕೆಲವೇ ದಿನಗಳ ಗಳಿಕೆಯನ್ನು ಆ ತಿಂಗಳ ಲಾಭ ಎಂದು ಖರ್ಚು ಮಾಡಿದರೆ ಮುಂದಿನ ಆಷಾಢಕ್ಕೆ ಕೈ ಖಾಲಿ.

ಖರ್ಚು ಕಡಿತದ ಮಾತು ಬಂದಾಗ ಜನ ಮೊದಲು ಕೈ ಹಾಕುವುದು ಗುಣಮಟ್ಟಕ್ಕೆ. ಕಾಫಿಪುಡಿಗೆ ಚಿಕೋರಿ ಜಾಸ್ತಿ, ದೋಸೆಗೆ ಎಣ್ಣೆ ಅಗ್ಗದ್ದು. ಇದು ತಪ್ಪು ಎಂದು ಖಚಿತವಾಗಿ ಹೇಳುತ್ತೇನೆ. ಗಿರಾಕಿಗಳು ಕಡಿಮೆ ಇರುವ ಕಾಲದಲ್ಲಿ ಒಬ್ಬ ಹಳೆಯ ಗಿರಾಕಿ ಹೋದರೂ ಹೊಡೆತ ದೊಡ್ಡದು. ಅದರ ಬದಲು ಅಟ್ಟದ ಮೇಲೆ ಎರಡು ವರ್ಷದಿಂದ ಕೂತಿರುವ ಮಾಲನ್ನು ಅಸಲಿಗಿಂತ ಕಡಿಮೆಗಾದರೂ ಮಾರಿ ನಗದು ಮಾಡಿಕೊಳ್ಳಿ. ಪುಸ್ತಕದಲ್ಲಿ ನಷ್ಟ ಕಾಣುತ್ತದೆ, ಕೈಗೆ ದುಡ್ಡು ಬರುತ್ತದೆ.

ಅಂಗಡಿಯವರನ್ನೇ ಹುಡುಕಿ ಬರುವವರು

ಗಿರಾಕಿ ಸಿಕ್ಕರೆ ಸಾಕು ಎಂದು ಕಾಯುವವರಿಗೆ ಗಿರಾಕಿಯ ವೇಷದಲ್ಲೇ ಮೋಸ ಬರುತ್ತದೆ. ಸಕಲೇಶಪುರದ ಹೋಂಸ್ಟೇಗೆ ಮಳೆಗಾಲದ ಒಂದು ಮಧ್ಯಾಹ್ನ ಫೋನ್: 'ನಾನು ಆರ್ಮಿ ಆಫೀಸರ್, ನಮ್ಮ ತಂಡಕ್ಕೆ ಎಂಟು ರೂಮು, ಮೂರು ದಿನ.' ಅಡ್ವಾನ್ಸ್ ಕಳಿಸುತ್ತೇನೆ ಎಂದು ಒಂದು ಕ್ಯೂಆರ್ ಕೋಡ್ ಕಳಿಸುತ್ತಾನೆ. 'ಇದನ್ನು ಸ್ಕ್ಯಾನ್ ಮಾಡಿ, ಪಿನ್ ಹಾಕಿ, ದುಡ್ಡು ನಿಮಗೆ ಬರುತ್ತೆ.' ಸ್ಕ್ಯಾನ್ ಮಾಡುವುದು, ಪಿನ್ ಒತ್ತುವುದು ದುಡ್ಡು ಕೊಡಲು ಮಾತ್ರ. ತೆಗೆದುಕೊಳ್ಳಲು ಪಿನ್ ಬೇಕಾಗುವುದೇ ಇಲ್ಲ. ಇಡೀ ವಾರ ಖಾಲಿ ಕೂತ ಮನುಷ್ಯನಿಗೆ ಎಂಟು ರೂಮಿನ ಸಂತೋಷದಲ್ಲಿ ಇದು ಹೊಳೆಯುವುದಿಲ್ಲ.

ಸಾಲದ ಹೆಸರಿನ ಮೋಸವೂ ಇದೆ. 'ನಿಮ್ಮ ಮುದ್ರಾ ಸಾಲ ಮಂಜೂರಾಗಿದೆ, ಪ್ರೊಸೆಸಿಂಗ್ ಶುಲ್ಕ ಕಟ್ಟಿ' ಎಂದು ಪತ್ರವೇ ಬರುತ್ತದೆ. ಮುದ್ರಾ ಸಾಲವನ್ನು ಕೊಡುವುದು ಬ್ಯಾಂಕುಗಳು ಮತ್ತು ಮಾನ್ಯತೆ ಪಡೆದ ಹಣಕಾಸು ಸಂಸ್ಥೆಗಳು, ಏಜೆಂಟರಲ್ಲ. 50,000ದವರೆಗಿನದು ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ತರುಣ್ ಸಾಲವನ್ನು ಸರಿಯಾಗಿ ತೀರಿಸಿದವರಿಗೆ ಈಗ 20 ಲಕ್ಷದವರೆಗೂ ಇದೆ. ಅರ್ಜಿ ಹಾಕದೆ ಮಂಜೂರಾಗುವ ಸಾಲ ಲೋಕದಲ್ಲಿ ಎಲ್ಲೂ ಇಲ್ಲ. ಈಗಾಗಲೇ ಸಾಲ ಮಾಡಿ ವಸೂಲಿಯವರ ಕಾಟಕ್ಕೆ ಸಿಕ್ಕವರು ಒಂದು ವಿಷಯ ತಿಳಿದಿರಲಿ: 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಮನೆ ಮುಂದೆ ಬಂದು ಮಾನ ಕಳೆಯುವುದು, ಬೆದರಿಸುವುದು ಅದರಡಿ ಅಪರಾಧ.

ಖಾತೆ ಫ್ರೀಜ್ ಆಗುವ ತೊಂದರೆ ಅಂಗಡಿಗಳಿಗೂ ಬಂದಿದೆ. ಯಾರೋ ಮೋಸದ ಹಣದಲ್ಲಿ ನಿಮ್ಮಲ್ಲಿ ಸಾಮಾನು ಕೊಂಡು ಯುಪಿಐ ಮಾಡಿರುತ್ತಾರೆ. ಮೂರು ತಿಂಗಳ ನಂತರ ಎಲ್ಲೋ ದೂರದ ರಾಜ್ಯದ ಠಾಣೆಯ ಸೂಚನೆಯಂತೆ ನಿಮ್ಮ ಬ್ಯಾಂಕ್ ಆ ಹಣವನ್ನೋ ಇಡೀ ಖಾತೆಯನ್ನೋ ತಡೆಹಿಡಿಯುತ್ತದೆ. ಆಗ ಬ್ಯಾಂಕಿನಲ್ಲಿ ದೂರಿನ ಸಂಖ್ಯೆ ಮತ್ತು ಠಾಣೆಯ ವಿವರ ಕೇಳಿ ಪಡೆದು, ಆ ದಿನದ ಬಿಲ್ಲು ಲಗತ್ತಿಸಿ ಆ ಠಾಣೆಗೆ ಬರೆಯಬೇಕು. ಬಿಲ್ಲೇ ಇಲ್ಲದಿದ್ದರೆ ವಿವರಿಸುವುದು ಬಹಳ ಕಷ್ಟ. ಮನೆಯ ಖಾತೆ, ಅಂಗಡಿಯ ಖಾತೆ ಬೇರೆ ಇದ್ದರೆ ಒಂದು ನಿಂತರೂ ಮನೆಯಲ್ಲಿ ಒಲೆ ಉರಿಯುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗಲೂ ಹೀಗೇ ಆಯಿತು. ನೆಂಟರು ಕಳಿಸಿದ ಹಣ, ಚೀಟಿ ಹಣ, ವ್ಯಾಪಾರದ ಹಣ ಎಲ್ಲ ಒಂದೇ ಖಾತೆಯಲ್ಲಿ ಸೇರಿದ್ದವರು ಬಿಡಿಸಿ ತೋರಿಸಲು ಒದ್ದಾಡಿದರು.

ದುಡ್ಡು ಹೋದ ಮೇಲೆ

ಹೋಗಿದೆ ಎಂದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ನಾಳೆ ಅಲ್ಲ, ಮಗ ಮನೆಗೆ ಬಂದ ಮೇಲೂ ಅಲ್ಲ. ಮೋಸದ ಹಣ ಮೊದಲ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ಹತ್ತು ಖಾತೆಗೆ ಒಡೆದು ಹೋಗುತ್ತದೆ. ಯಾವುದಾದರೂ ಖಾತೆಯಲ್ಲಿ ಇನ್ನೂ ಇರುವಾಗಲೇ ದೂರು ದಾಖಲಾದರೆ ಅಷ್ಟನ್ನು ತಡೆಹಿಡಿಯಬಹುದು. ಎಟಿಎಂನಿಂದ ತೆಗೆದ ಮೇಲೆ ಬಹಳ ಕಷ್ಟ. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ, ಸಮಯ, ದುಡ್ಡು ಹೋದ ಖಾತೆಯ ವಿವರ ಕೈಯಲ್ಲಿರಲಿ. ಆಮೇಲೆ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಬರಹದ ದೂರು, ಮತ್ತು ಜಿಲ್ಲಾ ಕೇಂದ್ರದಲ್ಲಿರುವ, ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ.

ಬ್ಯಾಂಕ್ ಭರಿಸುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ನಿಮಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋಗಿ, ನಿಮ್ಮ ತಪ್ಪೂ ಇಲ್ಲದೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಆದರೆ ಟಾಸ್ಕ್ ಮೋಸದಲ್ಲಿ ಪಿನ್ ಒತ್ತಿ ಕಳಿಸಿದವರು ನೀವೇ. ಆ ನಿಯಮದ ರಕ್ಷಣೆ ಇಲ್ಲಿಗೆ ಬರುವುದಿಲ್ಲ. ಹಾಗೆಂದು ಅಪರಾಧ ಅಪರಾಧವಲ್ಲ ಎಂದಾಗುವುದಿಲ್ಲ. ಕಂಪ್ಯೂಟರ್ ಬಳಸಿ ಬೇರೆಯವರ ವೇಷದಲ್ಲಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲಿದೆ. 'ಕಳೆದ ದುಡ್ಡು ವಾಪಸ್ ಕೊಡಿಸ್ತೀವಿ, ಮುಂಗಡ ಫೀಸು ಕೊಡಿ' ಎಂದು ಬರುವವರು ಬಹಳ ಸಲ ಅದೇ ತಂಡದವರು. ಮೋಸಹೋದವರ ನಂಬರುಗಳ ಪಟ್ಟಿ ಅವರ ಬಳಿ ಇರುತ್ತದೆ.

ಎಷ್ಟೋ ಮನೆಗಳಲ್ಲಿ ಈ ಫೋನ್ ಹೋಗುವುದೇ ಇಲ್ಲ. ಗಂಡನಿಗೆ ಹೇಗೆ ಹೇಳೋದು, ಅತ್ತೆ ಏನಂತಾರೆ, ಒಡವೆ ಇಟ್ಟಿದ್ದು ಗೊತ್ತಾದ್ರೆ? ಮೋಸಗಾರರಿಗೆ ಈ ನಾಚಿಕೆಯೇ ದೊಡ್ಡ ಬಂಡವಾಳ. ಒಬ್ಬರು ಬಾಯಿ ಬಿಡದಿದ್ದರೆ ಅದೇ ಬೀದಿಯ ಇನ್ನೊಬ್ಬರೂ ಬೀಳುತ್ತಾರೆ. ಇದಕ್ಕೆ ನಮ್ಮ ಜಿಲ್ಲೆಯಲ್ಲಿ ಆಗಲೇ ಒಂದು ಜಾಗ ಸಿದ್ಧವಿದೆ. ಪ್ರತಿ ಹಳ್ಳಿಯಲ್ಲೂ ಮಹಿಳಾ ಸಂಘವಿದೆ, ಪ್ರತಿ ಸಂಘಕ್ಕೂ ಸಭೆಯ ದಿನವಿದೆ, ಅಲ್ಲಿ ಲೆಕ್ಕ ಬರೆಯುವವರಿದ್ದಾರೆ. ಕಂತಿನ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ, ಆ ವಾರ ಯಾರ ಯಾರ ಫೋನಿಗೆ ಏನೇನು ಕೆಲಸದ ಮೆಸೇಜ್ ಬಂತು ಎಂದು ಎಲ್ಲರ ಮುಂದೆ ಓದಿಸಬಹುದು. ಸಿಇಎನ್ ಠಾಣೆಯ ಒಬ್ಬ ಸಿಬ್ಬಂದಿ ತಿಂಗಳಿಗೊಮ್ಮೆ ಒಕ್ಕೂಟದ ಸಭೆಗೆ ಬಂದರೆ ಇನ್ನೂ ಒಳ್ಳೆಯದು. ಅದೇ ಸಭೆಯಲ್ಲಿ ಹಪ್ಪಳ ಮಾಡುವವರ, ಹೊಲಿಯುವವರ ಬಾಕಿ ಪಟ್ಟಿಯನ್ನೂ ಓದಿದರೆ, ಯಾರ ದುಡ್ಡು ಎಲ್ಲಿ ಎಷ್ಟು ದಿನದಿಂದ ನಿಂತಿದೆ ಎಂದು ಗೊತ್ತಾಗುತ್ತದೆ. ಒಬ್ಬಳೇ ಹೋಗಿ ಕೇಳಲು ಹಿಂಜರಿಯುವ ಬಾಕಿಯನ್ನು ಹತ್ತು ಜನ ಒಟ್ಟಿಗೆ ಹೋಗಿ ಕೇಳಬಹುದು.